ಹಳೆಯ ಲಾರಿಯೂ ಊರ ಕಮ್ಮಾರನೂ

ಮಲೆನಾಡಿನ ತೋಟದ ಮನೆಗಳಲ್ಲಿಯೂ ಬಯಲುಸೀಮೆಯ ದೊಡ್ಡ ಒಕ್ಕಲುಗಳಲ್ಲಿಯೂ, ಕೊಟ್ಟಿಗೆಯ ಎತ್ತುಗಳಂತೆಯೇ ಮನೆಯ ಪರಿವಾರಕ್ಕೆ ಸೇರಿಹೋದ ಹಳೆಯ ಲಾರಿಯೊಂದು ಇರುವುದುಂಟು. ಅಡಕೆಯ ಮೂಟೆ, ಗೊಬ್ಬರ, ಹುಲ್ಲಿನ ಹೊರೆ, ಮದುವೆಯ ಮನೆಗೆ ಹೊರಟ ಕೊಳದಪ್ಪಲೆ, ಎಲ್ಲಕ್ಕೂ ಅದರ ಬೆನ್ನೇ ಆಧಾರ. ೧೯೫೪ರಲ್ಲಿ ಜಂಷೆಡ್‌ಪುರದಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯ ಸಹಕಾರದಿಂದ ಟಾಟಾ ಲಾರಿಗಳು ತಯಾರಾಗಲು ಮೊದಲಾದವು; ಅದೇ ಮನೆತನದ ೪೦೭ ಎಂಬ ಚಿಕ್ಕ ಲಾರಿಯು ೧೯೮೬ರಲ್ಲಿ ಬಂದಿತು. ಹೆಸರು, ಗಾತ್ರಗಳು ಬೇರೆಯಾದರೂ ಇಂತಹ ಹಳೆಯ ಲಾರಿಗಳ ಅಂಗರಚನೆಯು ಬಹುಮಟ್ಟಿಗೆ ಒಂದೇ: ಮುಂದೆಯೂ ಹಿಂದೆಯೂ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಮಾಡಿದ ಕಮಾನುಗಳು, ಆ ಕಮಾನುಗಳಿಗೆ ಬಿಗಿದ ಗಟ್ಟಿ ಅಚ್ಚು.

ವಯಸ್ಸಾದ ಲಾರಿಯ ಇಂಜಿನು ಇನ್ನೂ ಚೆನ್ನಾಗಿಯೇ ಇರಬಹುದು. ಕೆಡುವುದು ಅದರ ನಡಿಗೆ. “ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ತಿರುವಿನಲ್ಲಿ ವಾಲುತ್ತದೆ, ಹೇಳಿದ ಮಾತು ಕೇಳುವುದಿಲ್ಲ ಸ್ವಾಮಿ” ಎಂದು ಡ್ರೈವರನು ದೂರುತ್ತಾನೆ. ಬಯಲಿನ ನೇರವಾದ ರಸ್ತೆಯಲ್ಲಿ ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗೆ ಚಾರ್ಮಾಡಿಯ ಘಾಟಿಯನ್ನು ಆಷಾಢದ ಮಳೆಯಲ್ಲಿ ಇಳಿಯಬೇಕಾದಾಗ, ಒಂದು ಪಕ್ಕದಲ್ಲಿ ಬಂಡೆಯೂ ಇನ್ನೊಂದು ಪಕ್ಕದಲ್ಲಿ ಕಣಿವೆಯೂ ಇರುವಾಗ, ಅದೇ ದೋಷವು ಮನೆಯ ಯಜಮಾನನ ಹಣೆಯಲ್ಲಿ ಬೆವರು ತರಿಸತಕ್ಕದ್ದಾಗುತ್ತದೆ. ಲಾರಿಯೊಳಗೆ ಕುಳಿತಿರುವವನು ಅವನ ಮಗನೋ ತಮ್ಮನೋ ಆಗಿರುವುದು ಅಪರೂಪವಲ್ಲವಷ್ಟೆ.

ಹೊಸ ಸಾಮಾನುಗಳನ್ನು ಪೂರ್ತಿಯಾಗಿ ಕೊಂಡು ಹಾಕಿಸುವುದು ದುಬಾರಿ. ಆದುದರಿಂದ ಊರ ಕಮ್ಮಾರನನ್ನೂ ಪಟ್ಟಣದ ಲೇತ್ ಅಂಗಡಿಯವನನ್ನೂ ಆಶ್ರಯಿಸಿ ನಾವೇ ಏನನ್ನಾದರೂ ಮಾಡಿಸಿಕೊಳ್ಳಬಾರದೇ ಎಂಬ ಯೋಚನೆ ಸಹಜವಾಗಿಯೇ ಹುಟ್ಟುತ್ತದೆ. ಧಾರಾಳವಾಗಿ ಮಾಡಿಸಿಕೊಳ್ಳಬಹುದು. ಆದರೆ ಇಂತಹ ಸಂದರ್ಭದಲ್ಲಿ ಹತ್ತು ಜನರಲ್ಲಿ ಒಂಬತ್ತು ಜನರು ಹೇಳುವ ಮೊದಲ ಮದ್ದು, “ಹಿಂದಕ್ಕೆ ಇನ್ನೆರಡು ಪಟ್ಟಿ ಸೇರಿಸಿಬಿಡು” ಎಂಬುದು. ಆ ಮದ್ದು ರೋಗಕ್ಕೆ ತಕ್ಕದ್ದಲ್ಲವೆಂಬುದೇ ಈ ಲೇಖನದ ವಾದ. ಹಳೆಯ ಲಾರಿಯ ನಡಿಗೆಯನ್ನು ಕೆಡಿಸುವುದು ಕಮಾನಿನ ಮೆತುತನವಲ್ಲ, ಕೀಲುಗಳ ಸಡಿಲ. ಆ ಸಡಿಲವನ್ನು ತೆಗೆಯುವ ಕೆಲಸವು ಹಳ್ಳಿಯ ಉಪಕರಣಗಳಿಗೆ ನಿಲುಕದ್ದೇನೂ ಅಲ್ಲ.

ಕಮಾನು ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡೋಣ. ನಮ್ಮ ಎತ್ತಿನ ಗಾಡಿಗೆ ಕಮಾನಿಲ್ಲ. ಜಟಕಾ ಬಂಡಿಗೆ ಉಂಟು. ಎರಡರಲ್ಲಿಯೂ ಕುಳಿತವರಿಗೆ ಕಮಾನಿನ ಪ್ರಯೋಜನವನ್ನು ಬೇರೆ ಹೇಳಬೇಕಾದುದಿಲ್ಲ. ಉದ್ದವಾದ ಪಟ್ಟಿಯೊಂದು, ಅದರ ಕೆಳಗೆ ಕ್ರಮವಾಗಿ ಗಿಡ್ಡವಾಗುತ್ತ ಬರುವ ಪಟ್ಟಿಗಳು. ನಟ್ಟನಡುವೆ ಎಲ್ಲವನ್ನೂ ಕೋದಿರುವ ಒಂದು ಬೋಲ್ಟು. ಹೊರೆಯು ನಡುವಿನಲ್ಲಿಯೇ ಹೆಚ್ಚು ಬಾಗಿಸುವುದರಿಂದ ಅಲ್ಲಿಯೇ ಹೆಚ್ಚು ಪಟ್ಟಿಗಳು. ತುದಿಗೆ ಹೋದಂತೆ ಬಲವು ಕಡಿಮೆ ಸಾಕಾದುದರಿಂದ ಅಲ್ಲಿ ಪಟ್ಟಿಗಳೂ ಕಡಿಮೆ. ಇಂಗ್ಲೆಂಡಿನಲ್ಲಿ ಒಬಡಾಯ ಎಲಿಯಟ್ ಎಂಬವನು ಕುದುರೆಗಾಡಿಗಳಿಗಾಗಿ ಇಂತಹ ಕಮಾನುಗಳ ಪೇಟೆಂಟನ್ನು ಪಡೆದದ್ದು ೧೯ನೆಯ ಶತಮಾನದ ಆರಂಭದಲ್ಲಿ. ಅಂದಿನ ಗಾಡಿಗೂ ಇಂದಿನ ಲಾರಿಗೂ ಕಮಾನಿನ ತತ್ತ್ವದಲ್ಲಿ ಭೇದವಿಲ್ಲ.

ಆದರೆ ಕೆಲಸದಲ್ಲಿ ಭೇದವಿದೆ. ಕುದುರೆಗಾಡಿಯ ಕಮಾನು ಹೊರೆಯನ್ನು ಹೊತ್ತರೆ ಸಾಕು, ಎಳೆಯುವುದು ಕುದುರೆ. ಲಾರಿಯಲ್ಲಾದರೋ ಹಿಂದಿನ ಚಕ್ರಗಳು ತಳ್ಳುತ್ತವೆ. ಆ ತಳ್ಳುವಿಕೆಯೆಲ್ಲವೂ ಕಮಾನಿನ ಮುಂದಿನ ತುದಿಯ ಕಣ್ಣಿನ ಮೂಲಕವೇ ಛಾಸಿಗೆ ಮುಟ್ಟಬೇಕು. ಬ್ರೇಕನ್ನು ಒತ್ತಿದಾಗ ಹಿಂದಕ್ಕೆ ಹಿಡಿಯುವ ಎಳೆತವೂ ಅಲ್ಲಿಂದಲೇ. ತಿರುವಿನಲ್ಲಿ ಬಂಡಿಯು ಪಕ್ಕಕ್ಕೆ ಜರುಗದಂತೆ ತಡೆಯುವುದೂ ಅದೇ ಪಟ್ಟಿ. ಹೀಗೆ ಕಮಾನೆಂಬುದು ಲಾರಿಯ ಮೆತ್ತೆಯೂ ಹೌದು, ಕೈಕಾಲೂ ಹೌದು. ಇಷ್ಟನ್ನು ಮನದಲ್ಲಿಟ್ಟುಕೊಂಡರೆ, ಯಾವುದನ್ನು ಮನೆಯಲ್ಲಿ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಕಮಾನಿನ ಒಂದು ತುದಿಯು ಪಿನ್ನಿನಿಂದ ಛಾಸಿಗೆ ಸೇರಿರುತ್ತದೆ. ಇನ್ನೊಂದು ತುದಿಯು ಷ್ಯಾಕಲ್ ಎಂಬ ತೂಗುಕೊಂಡಿಯಲ್ಲಿರುತ್ತದೆ. ಕಮಾನು ಹೊರೆಗೆ ಚಪ್ಪಟೆಯಾದಾಗ ಉದ್ದವಾಗುವುದರಿಂದ ಆ ತುದಿಗೆ ಆಡಲು ಎಡೆ ಬೇಕು. ಪಿನ್ನಿಗೂ ಕಣ್ಣಿಗೂ ನಡುವೆ ಬುಷ್ ಎಂಬ ಬಳೆ. ವರ್ಷಗಳ ಧೂಳು ಕೆಸರುಗಳಿಂದ ಈ ಬಳೆಯು ಒಂದೇ ಕಡೆ ಸವೆದು ಮೊಟ್ಟೆಯಾಕಾರವಾಗುತ್ತದೆ. ಆಮೇಲೆ ನಡೆಯುವುದನ್ನು ಲೆಕ್ಕ ಹಾಕಿ ನೋಡಿರಿ. ಎರಡು ಕಮಾನುಗಳ ನಡುವಣ ಅಂತರವು ಒಂದು ಮೀಟರು ಎಂದಿಟ್ಟುಕೊಳ್ಳೋಣ. ಒಂದು ಪಕ್ಕದ ಬುಷ್ಷಿನಲ್ಲಿ ೫ ಮಿಲಿಮೀಟರಿನಷ್ಟು ಸಡಿಲವಿದ್ದರೆ ಹಿಂದಿನ ಅಚ್ಚು ಸುಮಾರು ಕಾಲು ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿ ಓರೆಯಾಗುತ್ತದೆ. ಅಂದರೆ ಮುಂದೆ ಕುಳಿತ ಡ್ರೈವರನಲ್ಲದೆ ಹಿಂದಿನಿಂದ ಇನ್ನೊಬ್ಬ ಕಾಣದ ಡ್ರೈವರನೂ ಸ್ಟಿಯರಿಂಗನ್ನು ತಿರುಗಿಸಿದಂತಾಯಿತು. ಅದಾದರೂ ಒಂದೇ ದಿಕ್ಕಿಗಿದ್ದರೆ ಕೈಗೆ ಅಭ್ಯಾಸವಾದೀತು. ಗ್ಯಾಸು ಕೊಟ್ಟಾಗ ಅತ್ತ, ಬ್ರೇಕು ಹಿಡಿದಾಗ ಇತ್ತ! “ಹೇಳಿದ ಮಾತು ಕೇಳುವುದಿಲ್ಲ” ಎಂಬ ದೂರಿನ ಮರ್ಮವು ಬಹುಸಂದರ್ಭಗಳಲ್ಲಿ ಇದೇ.

ಪರೀಕ್ಷೆಗೆ ಖರ್ಚಿಲ್ಲ. ಲಾರಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಛಾಸಿಯ ಎರಡು ಪಕ್ಕಗಳಲ್ಲಿಯೂ ಒಂದೇ ಸ್ಥಾನದಲ್ಲಿರುವ ರಿವೆಟ್ಟುಗಳಿಂದ ಅಚ್ಚಿಗೆ ದಾರ ಹಿಡಿದು ಅಳೆಯಬೇಕು. ಎಡಬಲಗಳ ಅಳತೆಗಳು ಬೇರೆಯಾಗಿದ್ದರೆ ಅಚ್ಚು ಓರೆಯಾಗಿದೆಯೆಂದು ತಿಳಿಯತಕ್ಕದ್ದು. ಅನಂತರ ಛಾಸಿಯನ್ನು ಜ್ಯಾಕಿನಿಂದ ಎತ್ತಿ, ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಪ್ರತಿಯೊಂದು ಕಣ್ಣಿನ ಹತ್ತಿರವೂ ಹಾರೆಯಿಂದ ಮೀಟಿ ನೋಡಬೇಕು. ಆರೋಗ್ಯವಾದ ಕೀಲು ಕದಲುವುದಿಲ್ಲ. ಸವೆದದ್ದು ಟಕ್ಕೆಂದು ಶಬ್ದ ಮಾಡುತ್ತದೆ. ಜ್ಯಾಕೊಂದನ್ನೇ ನಂಬಿ ಲಾರಿಯ ಅಡಿಗೆ ತಲೆಯಿಡುವ ಧೈರ್ಯಶಾಲಿಗಳು ನಮ್ಮಲ್ಲಿ ಬಹಳ ಮಂದಿ. ಮರದ ದಿಮ್ಮಿಗೆ ಅಷ್ಟೊಂದು ಬೆಲೆಯಿಲ್ಲವೆಂಬುದನ್ನು ಮನೆಯ ಹೆಂಗಸರಾದರೂ ಅವರಿಗೆ ನೆನಪುಮಾಡಿಕೊಡಬೇಕು.

ಸ್ವಂತವಾಗಿ ಮಾಡಿಸಿಕೊಳ್ಳಬಹುದಾದ ಭಾಗಗಳಲ್ಲಿ ಮೊದಲನೆಯದು ಈ ಬುಷ್ಷು. ಕಂಚಿನಲ್ಲಾಗಲಿ ಗಟ್ಟಿ ನೈಲಾನಿನಲ್ಲಾಗಲಿ ಲೇತಿನವನು ಇದನ್ನು ಒಂದು ಹಗಲಿನಲ್ಲಿ ಕಡೆದು ಕೊಡಬಲ್ಲನು. ಕಣ್ಣೇ ಸವೆದು ಹೋಗಿದ್ದರೆ ಅದರ ಈಗಿನ ಅಳತೆಗೆ ಸರಿಯಾಗಿ ಬುಷ್ಷಿನ ಹೊರಮೈಯನ್ನು ದಪ್ಪವಾಗಿಡಬಹುದೆಂಬುದು ಅಂಗಡಿಯಲ್ಲಿ ಸಿಗದ ಅನುಕೂಲ. ಒಳಗೆ ಗ್ರೀಸು ಹರಿಯಲು ಗೆರೆ ಕೊರೆಸುವುದನ್ನು ಮರೆಯಬಾರದು. ಪಿನ್ನನ್ನು ಮಾತ್ರ ಮೆದುವಾದ ಸಾಧಾರಣ ಸಲಾಕೆಯಲ್ಲಿ ಮಾಡಿಸಬೇಡಿರಿ. ಮೇಲ್ಮೈಗೆ ಹದ ಕೊಟ್ಟು ಗಡುಸು ಮಾಡಿದ ಪಿನ್ನನ್ನು ಕೊಳ್ಳುವುದೇ ಮೇಲು. ಇಲ್ಲವಾದರೆ ಹೊಸ ಬುಷ್ಷಿನೊಳಗೆ ಪಿನ್ನೇ ಸವೆದು ಆರು ತಿಂಗಳಲ್ಲಿ ಹಳೆಯ ಕಥೆ ಮರುಕಳಿಸುತ್ತದೆ. ಹಳೆಯ ಟಯರನ್ನು ಕತ್ತರಿಸಿ ಬುಷ್ಷು ಮಾಡುವ ರೂಢಿಯೂ ಉಂಟು. ಷಾಕ್ ಅಬ್ಸಾರ್ಬರಿನ ತುದಿಗೆ ಅದು ಸಾಲಬಹುದು. ಲಾರಿಯನ್ನೇ ತಳ್ಳುವ ಕಮಾನಿನ ಮುಂದಿನ ಕಣ್ಣಿಗೆ ಅದನ್ನು ಹಾಕುವುದೆಂದರೆ ಮೊಣಕಾಲಿನ ಚಿಪ್ಪಿನ ಜಾಗದಲ್ಲಿ ಹಲಸಿನ ತೊಳೆಯನ್ನಿಟ್ಟಂತೆ.

ಎರಡನೆಯದು, ಪಟ್ಟಿಗಳ ಶುಚಿ. ಕಮಾನನ್ನು ಬಿಚ್ಚುವಾಗ ನಡುವಿನ ಬೋಲ್ಟನ್ನು ಒಮ್ಮೆಗೇ ಕತ್ತರಿಸಬಾರದು. ಪಟ್ಟಿಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ, ಬಿಡುಗಡೆಯಾದೊಡನೆ ಹಾರುತ್ತವೆ. ಎರಡು ಪಕ್ಕಗಳಲ್ಲಿಯೂ ಗಟ್ಟಿ ಕ್ಲಾಂಪುಗಳನ್ನು ಹಾಕಿ ಬಿಗಿದು, ಬೋಲ್ಟನ್ನು ತೆಗೆದು, ಕ್ಲಾಂಪುಗಳನ್ನು ಮೆಲ್ಲಮೆಲ್ಲನೆ ಸಡಿಲಿಸಬೇಕು. ಆಮೇಲೆ ತುಕ್ಕನ್ನು ಉಜ್ಜಿ ತೆಗೆದು, ಗ್ರಾಫೈಟು ಬೆರೆಸಿದ ಗ್ರೀಸನ್ನು ಸವರಿ ಜೋಡಿಸಬೇಕು. ತುದಿಗಳಲ್ಲಿ ನೈಲಾನಿನ ತೆಳುವಾದ ತುಂಡುಗಳನ್ನಿಡುವವರೂ ಇದ್ದಾರೆ. ಹಿಂದಿನ ಕಾಲದ ಮೋಟಾರು ಯಜಮಾನರು ಕಮಾನಿಗೆ ತೊಗಲಿನ ಅಂಗಿಯನ್ನೇ ಹೊಲಿಸಿ ತೊಡಿಸಿ ಗ್ರೀಸನ್ನು ಕಾಪಾಡುತ್ತಿದ್ದರು. ತುಕ್ಕು ಹಿಡಿದ ಕಮಾನು ಸಣ್ಣ ಹಳ್ಳಕ್ಕೆ ಬಾಗುವುದೇ ಇಲ್ಲ. ದೊಡ್ಡ ಹಳ್ಳಕ್ಕೆ ಥಟ್ಟನೆ ಬಾಗುತ್ತದೆ. ಶುಚಿಯಾದ ಕಮಾನು ಎಲ್ಲಕ್ಕೂ ಬಾಗುತ್ತದೆ. ಇದರಲ್ಲಿ ಒಂದು ತೊಡಕುಂಟು. ಪಟ್ಟಿಗಳ ಪರಸ್ಪರ ಘರ್ಷಣೆಯೇ ತೂಗಾಟವನ್ನು ನಿಲ್ಲಿಸುವ ಕೆಲಸವನ್ನೂ ಅಷ್ಟಿಷ್ಟು ಮಾಡುತ್ತಿರುತ್ತದೆ. ಘರ್ಷಣೆಯನ್ನು ಕಡಿಮೆ ಮಾಡಿದ ಮೇಲೆ ಆ ಹೊಣೆಯನ್ನು ಷಾಕ್ ಅಬ್ಸಾರ್ಬರು ಪೂರ್ತಿಯಾಗಿ ಹೊರಬೇಕಾಗುತ್ತದೆ. ಅದು ಸತ್ತುಹೋಗಿದ್ದರೆ ಲಾರಿಯು ತೊಟ್ಟಿಲಾಗುತ್ತದೆ.

ಹಳೆಯ ಲಾರಿಗಳಲ್ಲಿ ಕೆಲವಕ್ಕೆ ಈ ಷಾಕ್ ಅಬ್ಸಾರ್ಬರು ಮುಂದೆ ಮಾತ್ರವಿದ್ದು ಹಿಂದೆ ಇರುವುದೇ ಇಲ್ಲ. ಹಿಂದಕ್ಕೆ ಒಂದು ಜೊತೆಯನ್ನು ಹಾಕಿಸುವುದು, ನನ್ನ ಅಭಿಪ್ರಾಯದಲ್ಲಿ, ಕೊಟ್ಟ ಹಣಕ್ಕೆ ಹೆಚ್ಚಿನ ಫಲ ಕೊಡುವ ಕೆಲಸ. ಷಾಕನ್ನು ಕೊಂಡು, ಅದನ್ನು ಹಿಡಿಯುವ ಬ್ರಾಕೆಟ್ಟುಗಳನ್ನು ದಪ್ಪ ತಗಡಿನಲ್ಲಿ ಊರಲ್ಲಿಯೇ ಮಾಡಿಸಬಹುದು. ಸಾಧ್ಯವಾದಷ್ಟು ನೆಟ್ಟಗೆ ನಿಲ್ಲಿಸಬೇಕು. ಜಾಗ ಸಾಲದೆಂದು ೪೫ ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಅದರ ಶಕ್ತಿಯಲ್ಲಿ ಅರ್ಧವೇ ಉಪಯೋಗಕ್ಕೆ ಬರುತ್ತದೆ. ಕಮಾನು ಪೂರ್ತಿ ತಗ್ಗಿದಾಗ ಷಾಕು ತಳಮುಟ್ಟಬಾರದು. ಚಕ್ರವು ಪೂರ್ತಿ ಇಳಿದಾಗ ಜಗ್ಗಿ ಕಿತ್ತುಬರಬಾರದು. ಎರಡನ್ನೂ ಅಳೆದ ಮೇಲೆಯೇ ಬ್ರಾಕೆಟ್ಟಿಗೆ ತೂತು ಕೊರೆಯಿಸಬೇಕು. ತೈಲದ ಷಾಕುಗಳು ಬಳಕೆಗೆ ಬರುವ ಮುಂಚೆ, ೨೦ನೆಯ ಶತಮಾನದ ಆರಂಭದಲ್ಲಿ, ಹಾರ್ಟ್‌ಫರ್ಡ್ ಎಂಬ ಹೆಸರಿನ ಸಾಧನವು ಪ್ರಚಾರದಲ್ಲಿತ್ತು. ಕತ್ತರಿಯಂತೆ ಎರಡು ತೋಳುಗಳು, ಕೂಡುವಲ್ಲಿ ಉಜ್ಜುವ ಬಿಲ್ಲೆಗಳು, ಬಿಗಿಯಲು ಒಂದು ನಟ್ಟು. ಇಷ್ಟೇ ಅದರ ರಚನೆ. ಕುತೂಹಲವುಳ್ಳ ಬಡಗಿಯೂ ಕಮ್ಮಾರನೂ ಸೇರಿದರೆ ಇಂದಿಗೂ ಮಾಡಬಹುದಾದದ್ದೇ. ಆದರೆ ಬಿಲ್ಲೆಗಳು ನೆನೆದಾಗ ಅದರ ಹಿಡಿತವು ಬದಲಾಗುವುದರಿಂದ ನಮ್ಮ ಮಳೆಗಾಲಕ್ಕೆ ಅದನ್ನು ಹೊಗಳಲಾರೆ.

ಇನ್ನು ತಗ್ಗಿಹೋದ ಕಮಾನಿಗೆ ಮತ್ತೆ ಬಾಗು ಕೊಡಿಸುವ ವಿಚಾರ. ಕಮ್ಮಾರನು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಬಾಗಿಸಿ, ಗಾಳಿಗೆ ಆರಲು ಬಿಟ್ಟರೆ ನೋಡಲು ಕಮಾನು ಹೊಸದರಂತೆ ಕಾಣುತ್ತದೆ. ಆದರೆ ಅದರ ಪ್ರಾಣ ಹೋಗಿರುತ್ತದೆ. ಕಮಾನಿನ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚು. ಸಿಲಿಕಾನು, ಮ್ಯಾಂಗನೀಸುಗಳೂ ಇರುತ್ತವೆ. ಅದನ್ನು ಸುಮಾರು ೮೫೦ರಿಂದ ೯೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಾಜಿನಂತೆ ಪೆಡಸಾಗುತ್ತದೆ; ಮತ್ತೆ ೪೫೦ರಿಂದ ೫೦೦ ಡಿಗ್ರಿಯವರೆಗೆ ಕಾಯಿಸಿದರೆ ಬಾಗಿ ಹಿಂದಿರುಗುವ ಗುಣ ಬರುತ್ತದೆ. ಹಳೆಯ ಕಮ್ಮಾರರು ಅದ್ದಿ ತೆಗೆದ ಕಮಾನಿನ ಮೇಲಣ ಎಣ್ಣೆಯು ಹೊತ್ತಿ ಉರಿಯುವವರೆಗೆ ಕಾಯಿಸಿ, ಅದರಿಂದ ಹದವನ್ನು ಗುರುತಿಸುತ್ತಿದ್ದರು. ಚಿಕ್ಕ ಕಮಾನುಗಳಿಗೆ ಅದು ಒಪ್ಪುವ ಉಪಾಯ. ಒಂದು ಮೀಟರಿಗೂ ಉದ್ದವಾದ ಲಾರಿಯ ಪಟ್ಟಿಯು ತಿದಿಯ ಕುಲುಮೆಯಲ್ಲಿ ಉದ್ದಕ್ಕೂ ಒಂದೇ ಸಮನಾಗಿ ಕಾಯುವುದೆಂತು? ನಡುವೆ ಕೆಂಪು, ತುದಿಯಲ್ಲಿ ಕಪ್ಪು. ಆದಕಾರಣ ಬಾಗು ಕೊಡಿಸುವುದಾದರೆ ಕಾಯಿಸದೆ ಪ್ರೆಸ್ಸಿನಲ್ಲಿ ಒತ್ತಿಸಬೇಕು. ಇಲ್ಲವೇ ಉದ್ದನೆಯ ಒಲೆಯೂ ಎಣ್ಣೆಯ ತೊಟ್ಟಿಯೂ ಇರುವ ಕಮಾನಿನ ಕಾರ್ಖಾನೆಗೆ ಒಪ್ಪಿಸಬೇಕು.

ಪಟ್ಟಿಯ ಮೇಲ್ಮೈಯ ವಿಷಯವೂ ಇಲ್ಲಿಯೇ ಬರುತ್ತದೆ. ಹೊರೆ ಬಿದ್ದಾಗ ಪ್ರತಿಯೊಂದು ಪಟ್ಟಿಯ ಮೇಲುಭಾಗವು ಎಳೆತಕ್ಕೆ ಒಳಗಾಗುತ್ತದೆ. ಬಿರುಕು ಹುಟ್ಟುವುದು ಬಹುಮಟ್ಟಿಗೆ ಅಲ್ಲಿಯೇ. ಕಾರ್ಖಾನೆಗಳಲ್ಲಿ ಆ ಮೈಯ ಮೇಲೆ ಉಕ್ಕಿನ ಸಣ್ಣ ಗುಂಡುಗಳನ್ನು ಎರಚಿ ಅದನ್ನು ಗಟ್ಟಿಗೊಳಿಸುವುದು ಇದಕ್ಕಾಗಿಯೇ. ಸುತ್ತಿಗೆಯ ಒಂದು ಆಳವಾದ ಏಟು, ಒಂದು ಹೊಸ ತೂತು, ಒಂದು ಬೆಸುಗೆಯ ಚುಕ್ಕೆ, ಇವುಗಳಲ್ಲಿ ಯಾವುದೊಂದಾದರೂ ಬಿರುಕಿಗೆ ಆಹ್ವಾನವೇ. ಮುರಿದ ಪಟ್ಟಿಯನ್ನು ಬೆಸೆಯುವುದಂತೂ ಕೂಡದು. ಬೇರೆಲ್ಲೋ ಬೆಸುಗೆ ಮಾಡುವಾಗ ವಿದ್ಯುತ್ತಿನ ಮರುತಂತಿಯನ್ನು ಕಮಾನಿಗೆ ಸಿಕ್ಕಿಸುವ ಅಭ್ಯಾಸವು ಎಷ್ಟೋ ಕಡೆ ಕಾಣುತ್ತದೆ. ಕಿಡಿ ಹಾರಿದ ಆ ಸಣ್ಣ ಕಲೆಯಿಂದಲೇ ಮುಂದೊಂದು ದಿನ ಪಟ್ಟಿಯು ತುಂಡಾಗಬಹುದು. ಮುಂದಿನ ಕಮಾನಿನ ಮೊದಲ ಪಟ್ಟಿಯು ಇಳಿಜಾರಿನಲ್ಲಿ ತುಂಡಾದರೆ ಅಚ್ಚು ಒಂದು ಪಕ್ಕಕ್ಕೆ ಹಿಂಜರಿಯುತ್ತದೆ. ಆಗ ಸ್ಟಿಯರಿಂಗು ಯಾರ ಕೈಯಲ್ಲಿದ್ದರೇನು?

ಈಗ “ಇನ್ನೆರಡು ಪಟ್ಟಿ ಸೇರಿಸು” ಎಂಬ ಮಾತಿಗೆ ಬರೋಣ. ಪಟ್ಟಿಯ ಗಡುಸು ಅದರ ದಪ್ಪದ ಘನದಂತೆ ಏರುತ್ತದೆ. ೧೦ ಮಿಲಿಮೀಟರಿನ ಜಾಗದಲ್ಲಿ ೧೨ ಮಿಲಿಮೀಟರಿನ ಪಟ್ಟಿಯನ್ನು ಹಾಕಿದರೆ ಗಡುಸು ಐದನೆಯ ಒಂದು ಪಾಲು ಹೆಚ್ಚುವುದೆಂದು ನೀವು ಎಣಿಸಬಹುದು. ನಿಜವಾಗಿ ಹೆಚ್ಚುವುದು ನೂರಕ್ಕೆ ಎಪ್ಪತ್ತಕ್ಕೂ ಮೇಲೆ. ತನ್ನ ಹೊರೆಗೆ ೨೫ ಸೆಂಟಿಮೀಟರು ತಗ್ಗುವ ಕಮಾನಿನ ಮೇಲೆ ಬಂಡಿಯು ಸೆಕೆಂಡಿಗೆ ಒಂದು ಸಲ ತೂಗುತ್ತದೆ. ೬ ಸೆಂಟಿಮೀಟರು ತಗ್ಗುವುದರ ಮೇಲೆ ಎರಡು ಸಲ. ಎರಡೂವರೆ ಸೆಂಟಿಮೀಟರು ಮಾತ್ರ ತಗ್ಗುವುದರ ಮೇಲೆ ಮೂರಕ್ಕೂ ಹೆಚ್ಚು ಸಲ. ಪಟ್ಟಿ ಸೇರಿಸಿದ ಲಾರಿಯು ಖಾಲಿಯಾಗಿ ಹಿಂದಿರುಗುವಾಗ ಕಪ್ಪೆಯಂತೆ ಕುಪ್ಪಳಿಸುವುದಕ್ಕೆ ಇದೇ ಕಾರಣ. ಕುಪ್ಪಳಿಸುವ ಚಕ್ರವು ಅರ್ಧ ಹೊತ್ತು ನೆಲವನ್ನೇ ಮುಟ್ಟುವುದಿಲ್ಲ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕು ಹಿಡಿದೇನು ಫಲ?

ಇದಕ್ಕಿಂತಲೂ ದೊಡ್ಡ ಅಪಾಯವು ತಿರುವಿನಲ್ಲಿ. ಹಿಂದನ್ನು ಮಾತ್ರ ಗಡುಸು ಮಾಡಿದರೆ, ವಾಲುವಿಕೆಯನ್ನು ತಡೆಯುವ ಹೊಣೆಯಲ್ಲಿ ಹೆಚ್ಚಿನ ಪಾಲು ಹಿಂದಿನ ಅಚ್ಚಿಗೆ ಬೀಳುತ್ತದೆ. ಆಗ ಹಿಂದಿನ ಹೊರಗಣ ಚಕ್ರದ ಮೇಲೆ ಭಾರವು ಮಿತಿಮೀರಿ, ಒಳಗಣದ್ದು ಹಗುರವಾಗಿ, ಒಟ್ಟಿನಲ್ಲಿ ಹಿಂಬದಿಯ ಹಿಡಿತವೇ ಕುಗ್ಗುತ್ತದೆ. ಒದ್ದೆಯ ರಸ್ತೆಯಲ್ಲಿ ಖಾಲಿ ಲಾರಿಯ ಬಾಲವು ಜಾರಿ ಬೀಸುವುದು ಹೀಗೆ. ವಾಲುವಿಕೆಯು ಕಣ್ಣಿಗೆ ಕಡಿಮೆಯಾಗಿ ಕಾಣುವುದರಿಂದ ಡ್ರೈವರನು ಇನ್ನಷ್ಟು ವೇಗವಾಗಿ ತಿರುಗಿಸುತ್ತಾನೆಂಬುದು ಬೇರೆ.

ಮುಂದೆ ಮೆದು, ಹಿಂದೆ ಅದಕ್ಕಿಂತ ಸ್ವಲ್ಪ ಗಡುಸು, ಆದರೆ ಮಿತಿಯಲ್ಲಿ — ಈ ಸಮತೋಲನವನ್ನು ಕಂಡುಹಿಡಿದ ಬಗೆಯೂ ಸ್ವಾರಸ್ಯವಾದದ್ದು. ಮಾರಿಸ್ ಓಲಿ ಎಂಬ ಬ್ರಿಟಿಷ್ ಇಂಜಿನಿಯರು ರೋಲ್ಸ್ ರಾಯ್ಸ್ ಕಂಪೆನಿಯಿಂದ ಅಮೆರಿಕದ ಜನರಲ್ ಮೋಟರ್ಸಿಗೆ ಹೋದವನು. ೧೯೩೨ರಲ್ಲಿ ಅವನು ಕ್ಯಾಡಿಲಾಕ್ ಕಾರ್ಖಾನೆಯಲ್ಲಿ, ಹಿಂದೆಮುಂದೆ ತೂಕಗಳನ್ನು ಜರುಗಿಸಲು ಬರುವಂತೆ ಒಂದು ದೊಡ್ಡ ಕಾರನ್ನು ಸಜ್ಜುಗೊಳಿಸಿ, ಕುಳಿತವರ ಅನುಭವವನ್ನೇ ಅಳತೆಗೋಲಾಗಿಟ್ಟುಕೊಂಡು ಪ್ರಯೋಗಗಳನ್ನು ನಡೆಸಿದನು. ಹಳ್ಳವನ್ನು ಮುಂದಿನ ಚಕ್ರವು ಮೊದಲು ಕಾಣುತ್ತದೆ; ತಡವಾಗಿ ಕಾಣುವ ಹಿಂಬದಿಯು ಸ್ವಲ್ಪ ಬೇಗ ತೂಗಿದರೆ ಎರಡೂ ಒಂದೇ ಲಯಕ್ಕೆ ಬಂದು ಗಾಡಿಯು ಮೂಗು ಮುಗ್ಗರಿಸದೆ ಮಟ್ಟವಾಗಿ ಸಾಗುತ್ತದೆ ಎಂಬುದು ಅವನು ಸಾಧಿಸಿ ತೋರಿಸಿದ ವಿಷಯಗಳಲ್ಲೊಂದು.

ವಾಲುವಿಕೆಯನ್ನೇ ಕಡಿಮೆ ಮಾಡಬೇಕೆಂದಿದ್ದರೆ ಅದಕ್ಕೆ ತಕ್ಕ ಸಾಧನವು ಮುಂದಿನ ಅಚ್ಚಿಗೆ ಹಾಕುವ ಅಡ್ಡಸಲಾಕೆ. ಒಂದು ಪಕ್ಕದ ಚಕ್ರ ಎದ್ದು ಇನ್ನೊಂದು ಇಳಿದಾಗ ಈ ಸಲಾಕೆಯು ತಿರುಚಿಕೊಂಡು ಎದುರು ನಿಲ್ಲುತ್ತದೆ. ಎರಡೂ ಒಟ್ಟಿಗೆ ಎದ್ದರೆ ಸುಮ್ಮನಿರುತ್ತದೆ. ಗುಜರಿಯಲ್ಲಿ ಬೇರೆ ಬಂಡಿಯದನ್ನು ಹುಡುಕಿ ತಂದು, ಹಿಡಿಕೆಗಳನ್ನೂ ಕೊಂಡಿಗಳನ್ನೂ ಊರಲ್ಲಿ ಮಾಡಿಸಿ ಜೋಡಿಸಬಹುದು. ಇಲ್ಲಿ ದಪ್ಪದ ಮಹಿಮೆ ಇನ್ನೂ ಹೆಚ್ಚು. ಒಂದು ಅಂಗುಲ ವ್ಯಾಸದ ಜಾಗದಲ್ಲಿ ಒಂದೂಕಾಲು ಅಂಗುಲದ್ದನ್ನು ಹಾಕಿದರೆ ಬಲವು ಸುಮಾರು ಎರಡೂವರೆ ಪಟ್ಟಾಗುತ್ತದೆ. ಆದುದರಿಂದ ಸಣ್ಣದರಿಂದ ಪ್ರಾರಂಭಿಸುವುದೇ ಜಾಣತನ. ಸಲಾಕೆಯನ್ನು ಕತ್ತರಿಸಿ ಬೆಸೆದು ಉದ್ದ ಮಾಡುವುದು ಪಟ್ಟಿಗೆ ಬೆಸುಗೆ ಹಾಕಿದಷ್ಟೇ ತಪ್ಪು.

ಕಾನೂನಿನ ಮಾತನ್ನೂ ಹೇಳದಿದ್ದರೆ ಸರಿಯಾಗದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ರಿಜಿಸ್ಟ್ರೇಷನ್ ಪತ್ರವು ಹೊಂದದಂತಾಗುವ ಮಾರ್ಪಾಟುಗಳನ್ನು ಮಾಡಕೂಡದು. ಸವೆದ ಬುಷ್ಷನ್ನು ಬದಲಾಯಿಸುವುದು ದುರಸ್ತಿ. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಅಡ್ಡಸಲಾಕೆಯಂತಹ ಹೊಸ ಅಂಗವನ್ನು ಸೇರಿಸುವ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಪಟ್ಟಿ ಸೇರಿಸಿದೆನೆಂದು ಹೊರೆ ಹೆಚ್ಚಿಸುವ ಹಕ್ಕಂತೂ ಬರುವುದಿಲ್ಲ. ಅಚ್ಚು, ಬ್ರೇಕು, ಟಯರುಗಳು ಮೊದಲಿನವೇ ಅಲ್ಲವೆ?

ಜೋಡಣೆಯ ಕೊನೆಯ ಘಟ್ಟದಲ್ಲಿ ಕಮಾನನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟುಗಳಿವೆ. ಒಮ್ಮೆ ಜಗ್ಗಿದ ಹಳೆಯವುಗಳನ್ನು ಮತ್ತೆ ಉಪಯೋಗಿಸಬಾರದು; ಇದೊಂದರಲ್ಲಿ ಉಳಿತಾಯ ಬೇಡ. ಲಾರಿಯು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ನಾಲ್ಕು ನಟ್ಟುಗಳನ್ನೂ ಅಡ್ಡಡ್ಡವಾಗಿ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ಬಿಗಿದ ಮೇಲೆ ನಟ್ಟಿನಿಂದ ತಟ್ಟೆಯವರೆಗೆ ಬಿಳಿಯ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಪಟ್ಟಿಗಳು ಒಂದರ ಮೇಲೊಂದು ಕುಳಿತುಕೊಳ್ಳಲು ಕೆಲವು ದಿನಗಳು ಹಿಡಿಯುವುದರಿಂದ, ಹೊರೆ ಹೊತ್ತು ಮಾಡಿದ ಮೊದಲ ಪ್ರಯಾಣದ ಮರುದಿನ ಮತ್ತೊಮ್ಮೆ ಬಿಗಿದು ಗೆರೆಯನ್ನು ಹೊಸದಾಗಿ ಎಳೆಯಬೇಕು. ಆಮೇಲೆ ಘಾಟಿಗೆ ಹೊರಡುವ ಪ್ರತಿ ಬೆಳಗ್ಗೆಯೂ ಡ್ರೈವರನು ಬಗ್ಗಿ ನೋಡಬೇಕಾದದ್ದು ಆ ಹದಿನಾರು ಗೆರೆಗಳನ್ನು, ಮುಂದೆ ಎಂಟು, ಹಿಂದೆ ಎಂಟು. ಮುರಿದ ಗೆರೆ ಒಂದಿದ್ದರೂ ಸ್ಪ್ಯಾನರು ಹೊರಗೆ ಬರಬೇಕು.